ಕೆಲಸದ ದಿನಚರಿ ಮೂರನೇ ವಾರಕ್ಕೆ ನಿಲ್ಲದಿರಲು: ಹಂತ ಹಂತದ ಮಾರ್ಗದರ್ಶಿ

ಜನವರಿ ಒಂದನೇ ತಾರೀಕೋ, ಹೊಸ ಕೆಲಸಕ್ಕೆ ಸೇರಿದ ದಿನವೋ ಉತ್ಸಾಹದಿಂದ ಎರಡು ಪುಟ ಬರೆದು, ಮೂರನೇ ವಾರದ ಹೊತ್ತಿಗೆ ಆ ಪುಸ್ತಕವನ್ನು ಡ್ರಾಯರಿನೊಳಗೆ ಸೇರಿಸಿಬಿಡುವವರು ಬಹಳ. ಕೇಳಿದರೆ ಸಮಯ ಸಿಗಲಿಲ್ಲ ಎನ್ನುತ್ತಾರೆ. ಅಂಥ ಪುಟಗಳನ್ನು ತೆರೆದು ನೋಡಿದರೆ ಬೇರೆಯೇ ಕಾರಣ ಕಾಣುತ್ತದೆ. ಮೊದಲ ದಿನವೇ ಗುರಿ, ಆತ್ಮಪರೀಕ್ಷೆ, ಐದು ವರ್ಷದ ಯೋಜನೆ ಎಲ್ಲವನ್ನೂ ಬರೆದು ಮುಗಿಸಿರುವುದರಿಂದ ನಾಲ್ಕನೇ ದಿನಕ್ಕೆ ಹೇಳಲು ಏನೂ ಉಳಿದಿರುವುದಿಲ್ಲ. ಬರೆದದ್ದನ್ನು ತಿರುಗಿ ಓದುವ ಸಂದರ್ಭವಂತೂ ಒಮ್ಮೆಯೂ ಬಂದಿರುವುದಿಲ್ಲ. ಫಲ ಕಾಣದ ಕೆಲಸವನ್ನು ಯಾರೂ ಹೆಚ್ಚು ದಿನ ಮಾಡುವುದಿಲ್ಲ.

ಉದ್ಯೋಗದಲ್ಲಿ ಬೆಳೆಯಲು, ಯೋಚನೆ ಸ್ಪಷ್ಟವಾಗಲು ಬರೆಯುವ ದಿನಚರಿಗೆ ಮಾತ್ರ ಈ ಮಾರ್ಗದರ್ಶಿ ಅನ್ವಯಿಸುತ್ತದೆ. ಮನಸ್ಸಿನ ಮಾತುಗಳ ಖಾಸಗಿ ಡೈರಿಯ ದಾರಿ ಬೇರೆ. ಇಲ್ಲಿ ಹಂತಗಳ ಕ್ರಮಕ್ಕೇ ಹೆಚ್ಚಿನ ಬೆಲೆ. ಮೊದಲು ದಾಖಲೆ, ಆಮೇಲೆ ಓದು, ಅದು ರೂಢಿಯಾದ ಮೇಲೆ ತೀರ್ಮಾನಗಳ ಟಿಪ್ಪಣಿ, ಎಲ್ಲಕ್ಕಿಂತ ಕೊನೆಗೆ ಇನ್ನೊಬ್ಬರು ಓದಬೇಕಾದ ಬರಹ. ಕೊನೆಯದರಿಂದ ಶುರುಮಾಡಿದವರೇ ಹೆಚ್ಚಾಗಿ ಅರ್ಧಕ್ಕೆ ನಿಲ್ಲಿಸುತ್ತಾರೆ.

## ಮೊದಲು ಹೊಂದಿಸಿಕೊಳ್ಳಬೇಕಾದ ಸಾಮಗ್ರಿ

ಗೆರೆ ಹಾಕಿದ 200 ಪುಟದ ಒಂದು ನೋಟ್‌ಬುಕ್ಕು, ಎರಡು ಬಣ್ಣದ ಪೆನ್ನು ಇದ್ದರೆ ಸಾಕು. ಪ್ರತಿ ಪುಟಕ್ಕೂ ದಿನಾಂಕ ಮುದ್ರಿಸಿರುವ ಡೈರಿಯನ್ನು ದಯವಿಟ್ಟು ಆರಿಸಿಕೊಳ್ಳಬೇಡಿ. ಒಂದು ದಿನ ತಪ್ಪಿದರೆ ಆ ಖಾಲಿ ಪುಟ ವರ್ಷವಿಡೀ ಕಣ್ಣಿಗೆ ಚುಚ್ಚುತ್ತದೆ. ಬರೆಯಲು ತುಂಬ ಇರುವ ದಿನ ಜಾಗ ಸಾಲುವುದಿಲ್ಲ, ಕಡಿಮೆ ಇರುವ ದಿನ ಪುಟ ತುಂಬಿಸುವ ಒತ್ತಡ ಬೀಳುತ್ತದೆ.

ಕಂಪ್ಯೂಟರಿನಲ್ಲಿ ಬರೆಯುವವರು ತಿಂಗಳಿಗೊಂದು ಕಡತ ಇಟ್ಟುಕೊಂಡು, ಕಡತದ ಹೆಸರನ್ನು ವರ್ಷ, ತಿಂಗಳು ಎಂಬ ಕ್ರಮದಲ್ಲಿ ಕೊಟ್ಟರೆ ಅವು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಕನ್ನಡದಲ್ಲಿ ಬರೆಯುವವರಿಗೆ ಒಂದು ಎಚ್ಚರಿಕೆ ಅಗತ್ಯ: ಹಳೆಯ ನುಡಿ, ಬರಹ ತಂತ್ರಾಂಶಗಳ ಯೂನಿಕೋಡ್ (ಎಲ್ಲ ಕಂಪ್ಯೂಟರು, ಫೋನುಗಳೂ ಗುರುತಿಸುವ ಅಕ್ಷರ ಸಂಕೇತ) ಅಲ್ಲದ ಅಕ್ಷರಗಳಲ್ಲಿ ಬರೆದ ಕಡತವನ್ನು ಬೇರೆ ಕಡೆ ತೆರೆದರೆ ಅರ್ಥವಿಲ್ಲದ ಗುರುತುಗಳು ಕಾಣುತ್ತವೆ, ಅದರೊಳಗೆ ಕನ್ನಡ ಪದವನ್ನು ಹುಡುಕಲೂ ಆಗುವುದಿಲ್ಲ. ಆರು ತಿಂಗಳ ಹಿಂದಿನ ಒಂದು ಸಾಲನ್ನು ಹುಡುಕಿ ತೆಗೆಯಲಾಗದಿದ್ದರೆ ಕಂಪ್ಯೂಟರಿನಲ್ಲಿ ಬರೆದ ಪ್ರಯೋಜನವೇ ಇಲ್ಲ. ಆದ್ದರಿಂದ ಯೂನಿಕೋಡ್‌ನಲ್ಲೇ ಬರೆಯಿರಿ. ಸೈಟಿನಲ್ಲಿ, ಹೊಲದಲ್ಲಿ, ವಾರ್ಡಿನಲ್ಲಿ ಓಡಾಡುತ್ತ ಕೆಲಸ ಮಾಡುವವರು ಫೋನಿನ ಧ್ವನಿ ಟೈಪಿಂಗ್ ಬಳಸಬಹುದು. ಅದು ಅಂಕಿಗಳನ್ನೂ ಹೆಸರುಗಳನ್ನೂ ಆಗಾಗ ತಪ್ಪಾಗಿ ಹಿಡಿಯುವುದರಿಂದ ಅವನ್ನು ಮಾತ್ರ ಕೈಯಲ್ಲಿ ತಿದ್ದಬೇಕಾಗುತ್ತದೆ.

ಕಾಗದವೋ ಕಂಪ್ಯೂಟರೋ ಎಂಬ ಚರ್ಚೆಯಲ್ಲಿ ವಾರಗಳನ್ನು ಕಳೆಯಬೇಡಿ, ಆದರೆ ಜಾಗ ಒಂದೇ ಇರಲಿ. ಅರ್ಧ ನೋಟ್‌ಬುಕ್ಕಿನಲ್ಲಿ, ಅರ್ಧ ಫೋನಿನಲ್ಲಿ, ಉಳಿದದ್ದು ವಾಟ್ಸಾಪ್‌ನಲ್ಲಿ ತನಗೆ ತಾನೇ ಕಳಿಸಿಕೊಂಡ ಸಂದೇಶಗಳಲ್ಲಿ ಹರಡಿದ್ದರೆ ಅದನ್ನು ಒಟ್ಟಿಗೆ ಓದಲು ಸಾಧ್ಯವಿಲ್ಲ. ಭಾಷೆಯ ವಿಷಯದಲ್ಲೂ ಅಷ್ಟೇ. ಕಚೇರಿಯಲ್ಲಿ ನೀವು ಹೇಗೆ ಮಾತಾಡುತ್ತೀರೋ ಹಾಗೆ, ಕೆಲಸದ ಪದಗಳು ಇಂಗ್ಲಿಷಿನಲ್ಲಿದ್ದರೆ ಅವನ್ನು ಹಾಗೆಯೇ ಇಟ್ಟು ಬರೆಯಿರಿ.

## ಹಂತ 1: ಓದುವ ದಿನವನ್ನು ಮೊದಲು ಗೊತ್ತುಮಾಡಿ

ಬರೆಯಲು ಶುರುಮಾಡುವ ಮುನ್ನವೇ ವಾರದಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ ಓದುತ್ತೀರಿ ಎಂಬುದನ್ನು ತೀರ್ಮಾನಿಸಿ, ಇಪ್ಪತ್ತು ನಿಮಿಷವನ್ನು ಕ್ಯಾಲೆಂಡರಿನಲ್ಲಿ ಕಾಯ್ದಿರಿಸಿ. ಓದುವ ದಿನ ಹತ್ತಿರದಲ್ಲಿದೆ ಎಂದು ಗೊತ್ತಿದ್ದರೆ ಬರೆಯುವ ಸಾಲುಗಳೂ ಬದಲಾಗುತ್ತವೆ, ಶುಕ್ರವಾರ ತನಗೇ ಅರ್ಥವಾಗಬೇಕೆಂಬ ಕಾರಣಕ್ಕೆ ಮಂಗಳವಾರದ ಬರಹ ತಾನಾಗಿ ಬಿಗಿಯಾಗುತ್ತದೆ.

ಶುಕ್ರವಾರ ಸಂಜೆ, ಕಚೇರಿ ಖಾಲಿಯಾಗುವ ಮುನ್ನಿನ ಹೊತ್ತು ಹೆಚ್ಚಿನವರಿಗೆ ಹೊಂದುತ್ತದೆ. ಎರಡನೇ ಹಾಗೂ ನಾಲ್ಕನೇ ಶನಿವಾರ ರಜೆಯಿರುವ ಸರ್ಕಾರಿ ಕಚೇರಿ, ಬ್ಯಾಂಕುಗಳಲ್ಲಿ ಕೆಲಸ ಮಾಡುವವರು ಶನಿವಾರವನ್ನು ಆರಿಸಿಕೊಳ್ಳದಿರುವುದು ಒಳ್ಳೆಯದು, ತಿಂಗಳಿಗೆ ಎರಡು ಓದು ಖಾತ್ರಿಯಾಗಿ ತಪ್ಪಿಹೋಗುತ್ತವೆ. ಭಾನುವಾರ ಓದುತ್ತೇನೆ ಎಂದು ಹೊರಟವರ ಓದು ಮದುವೆ, ಗೃಹಪ್ರವೇಶಗಳ ಕಾಲದಲ್ಲಿ ನಿಂತೇಬಿಡುತ್ತದೆ.

## ಹಂತ 2: ಬರೆಯುವ ಹೊತ್ತನ್ನು ದಿನದ ಒಂದು ಕೆಲಸಕ್ಕೆ ಕಟ್ಟಿಹಾಕಿ

"ಸಂಜೆ ಬರೆಯುತ್ತೇನೆ" ಎಂಬುದು ಯೋಜನೆಯಲ್ಲ. "ಲ್ಯಾಪ್‌ಟಾಪ್ ಮುಚ್ಚುವ ಮುನ್ನ ಬರೆಯುತ್ತೇನೆ", "ಕೊನೆಯ ಪೀರಿಯಡ್ ಮುಗಿಸಿ ಸ್ಟಾಫ್ ರೂಮಿಗೆ ಬಂದು ಕುಳಿತ ಕೂಡಲೇ ಬರೆಯುತ್ತೇನೆ" ಎಂಬುವು ಯೋಜನೆಗಳು. ಇಂಥದ್ದು ಆದಾಗ ಇಂಥದ್ದನ್ನು ಮಾಡುತ್ತೇನೆ ಎಂಬ ರೂಪದ ಸಂಕಲ್ಪಗಳು ಬರಿಯ ಗುರಿಗಿಂತ ಹೆಚ್ಚು ಈಡೇರುತ್ತವೆ ಎಂಬುದನ್ನು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ 1999ರ ತಮ್ಮ ಲೇಖನದಲ್ಲಿ ವಿವರಿಸಿದ್ದಾರೆ.

ಕೆಲಸದ ಜಾಗದಲ್ಲೇ ಬರೆದು ಹೊರಡಿ. ಟ್ರಾಫಿಕ್ ದಾಟಿ ಮನೆಗೆ ಬಂದು, ಕೈಕಾಲು ತೊಳೆದು, ಊಟ ಮುಗಿಸಿದ ಮೇಲೆ ಬರೆಯುತ್ತೇನೆ ಎನ್ನುವವರಿಗೆ ಅಷ್ಟು ಹೊತ್ತಿಗೆ ದಿನದ ವಿವರಗಳು ಕರಗಿ ಬೇಸರವಷ್ಟೇ ಉಳಿದಿರುತ್ತದೆ. ಮೆಟ್ರೊದಲ್ಲಿ ಬರೆಯುವವರು ಸೀಟು ಸಿಕ್ಕ ದಿನ ಮಾತ್ರ ಬರೆಯುತ್ತಾರೆ.

ಎಷ್ಟು ಹೊತ್ತು? ವಿಪ್ರೊ ಸಂಸ್ಥೆಯಲ್ಲಿ ತರಬೇತಿಯಲ್ಲಿದ್ದ ಹೊಸ ನೌಕರರ ಮೇಲೆ ನಡೆದ, 2014ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಿಂದ ಪ್ರಕಟವಾದ ಅಧ್ಯಯನವೊಂದರಲ್ಲಿ, ದಿನದ ಕೊನೆಯ 15 ನಿಮಿಷವನ್ನು ಆ ದಿನ ಕಲಿತದ್ದನ್ನು ಬರೆಯಲು ಕೊಟ್ಟವರು ಅಷ್ಟು ಹೊತ್ತೂ ಅಭ್ಯಾಸವನ್ನೇ ಮುಂದುವರಿಸಿದವರಿಗಿಂತ ಅಂತಿಮ ಪರೀಕ್ಷೆಯಲ್ಲಿ ಶೇಕಡಾ 20ಕ್ಕೂ ಹೆಚ್ಚು ಮುಂದಿದ್ದರು. ಅದು ತರಬೇತಿಯ ಸಂದರ್ಭ. ಎಲ್ಲ ಕೆಲಸಕ್ಕೂ ಅದೇ ಲೆಕ್ಕ ಹೊಂದಬೇಕಿಲ್ಲ. ಆದರೂ ಹತ್ತರಿಂದ ಹದಿನೈದು ನಿಮಿಷ ಎಂಬುದು ಒಪ್ಪಬಹುದಾದ ಮಿತಿ. ಮೊದಲ ವಾರಗಳಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಕೂರಬೇಡಿ, ಉತ್ಸಾಹ ಬಂದರೂ ಸರಿಯೇ.

## ಹಂತ 3: ಮೊದಲ ಮೂರು ವಾರ ನಡೆದದ್ದನ್ನಷ್ಟೇ ದಾಖಲಿಸಿ

ಈ ಹಂತದಲ್ಲಿ ಚಿಂತನೆ ಬೇಡ, ಪಾಠ ಬೇಡ, ಸಂಕಲ್ಪವೂ ಬೇಡ. ಇವತ್ತು ಏನಾಯಿತು, ಎಲ್ಲಿ ಕೆಲಸ ಸಿಕ್ಕಿಹಾಕಿಕೊಂಡಿತು, ನಾಳೆ ಬಂದ ಕೂಡಲೇ ಮಾಡಬೇಕಾದದ್ದು ಯಾವುದು ಎಂಬಷ್ಟನ್ನು ಬರೆದು ಪುಸ್ತಕ ಮುಚ್ಚಿ. ವಿಷಯ ಕಡಿಮೆಯೆನಿಸಬಹುದು. ಆದರೆ ಆಧಾರವಾಗಿ ನಿಲ್ಲಬಲ್ಲ ದಾಖಲೆ ಕೈಯಲ್ಲಿಲ್ಲದೆ ಮಾಡುವ ಆತ್ಮಪರೀಕ್ಷೆ ಆ ದಿನದ ಮೂಡನ್ನು ಬಿಟ್ಟು ಬೇರೇನನ್ನೂ ಹೇಳುವುದಿಲ್ಲ.

ಸೋಲುವುದು ಸಾಮಾನ್ಯವಾಗಿ ಬರಹದ ಮಟ್ಟದಲ್ಲಿ. ಕಟ್ಟಡದ ಸೈಟ್ ಎಂಜಿನಿಯರ್ ಒಬ್ಬರ ದಿನಚರಿಯನ್ನು ಉದಾಹರಣೆಗೆ ಕಲ್ಪಿಸಿಕೊಳ್ಳೋಣ. ಹೆಚ್ಚಿನವರು ಹೀಗೆ ಬರೆಯುತ್ತಾರೆ:

"ಸ್ಲ್ಯಾಬ್ ಹಾಕಲಾಯಿತು. ತುಂಬಾ ಕೆಲಸ. ಕಾಂಕ್ರೀಟ್ ವಿಷಯದಲ್ಲಿ ಸ್ವಲ್ಪ ಕಿರಿಕಿರಿ ಆಯಿತು, ಆಮೇಲೆ ಸರಿಹೋಯಿತು."

ಎರಡು ತಿಂಗಳ ನಂತರ ಇದನ್ನು ಓದಿದರೆ ಬರೆದವರಿಗೇ ಏನೂ ನೆನಪಾಗದು. ಅದೇ ದಿನವನ್ನು ಹೀಗೆ ಬರೆಯಬಹುದಿತ್ತು (ಎಂ25 ಎಂದರೆ 28 ದಿನಕ್ಕೆ ಪ್ರತಿ ಚದರ ಮಿ.ಮೀ.ಗೆ 25 ನ್ಯೂಟನ್ ಬಲ ಬರಬೇಕಾದ ಕಾಂಕ್ರೀಟು; ಸ್ಲಂಪ್ ಎಂದರೆ ಹಸಿ ಕಾಂಕ್ರೀಟು ಎಷ್ಟು ತೆಳುವಾಗಿದೆ ಎಂಬ ಅಳತೆ; ಕ್ಯೂಬ್ ಬಲ ಪರೀಕ್ಷಿಸಲು ತೆಗೆಯುವ ಮಾದರಿ; ಬ್ಯಾಚ್ ಶೀಟ್ ಮಿಶ್ರಣದ ದಾಖಲೆ):

"ಎರಡನೇ ಮಹಡಿ ಸ್ಲ್ಯಾಬ್, ಎಂ25. ಮೂರನೇ ಲಾರಿ 50 ನಿಮಿಷ ತಡ. ನಾವು ಕೇಳಿದ್ದ ಸ್ಲಂಪ್ 100 ಮಿ.ಮೀ., ಬಂದದ್ದು 140. ದಾರಿಯಲ್ಲಿ ನೀರು ಸೇರಿಸಿರಬಹುದೆಂಬ ಅನುಮಾನ. ಡ್ರೈವರ್ ಇಲ್ಲ ಎಂದ. ವಾಪಸ್ ಕಳಿಸದೆ ಇಳಿಸಿಕೊಳ್ಳಲು ನಾನೇ ಒಪ್ಪಿದೆ. ಆ ಲಾರಿಯದ್ದೇ ಆರು ಕ್ಯೂಬ್ ಬೇರೆ ತೆಗೆಸಿ ಗುರುತು ಹಾಕಿಸಿದೆ. ನಾಳೆ ಮೊದಲು: ಪ್ಲಾಂಟಿನಿಂದ ಬ್ಯಾಚ್ ಶೀಟ್ ತರಿಸುವುದು."

ಎರಡನೆಯದನ್ನು ಬರೆಯಲು ಎರಡು ನಿಮಿಷ ಹೆಚ್ಚು ಹಿಡಿದೀತು. ವ್ಯತ್ಯಾಸ ಎಲ್ಲಿದೆ ಎಂಬುದನ್ನು ಗಮನಿಸಿ. "ತುಂಬಾ", "ಸ್ವಲ್ಪ" ಎಂಬುವುಗಳ ಜಾಗಕ್ಕೆ ಅಂಕಿ ಬಂದಿದೆ. "ಕಿರಿಕಿರಿ" ಏನೆಂಬುದು ಬಿಡಿಸಿ ಹೇಳಲ್ಪಟ್ಟಿದೆ. ಎಲ್ಲಕ್ಕಿಂತ ಮಿಗಿಲಾಗಿ, ಒಪ್ಪಿದವರು ಯಾರು ಎಂಬುದು ಸ್ಪಷ್ಟವಾಗಿದೆ. ಕಚೇರಿಯ ಕಡತಗಳನ್ನು ಓದಿ ಓದಿ ನಮಗೆಲ್ಲ "ತೀರ್ಮಾನಿಸಲಾಯಿತು", "ಕ್ರಮ ಕೈಗೊಳ್ಳಲಾಯಿತು" ಎಂದು ಬರೆಯುವ ಚಾಳಿ ಅಂಟಿಕೊಂಡಿದೆ. ಕಡತದಲ್ಲಿ ಅದಕ್ಕೆ ಅದರದೇ ಉಪಯೋಗವಿದೆ, ಬಿಡಿ. ದಿನಚರಿಯಲ್ಲಿ ಮಾತ್ರ ಅದು ಮಾಡಿದವರನ್ನು ಮರೆಮಾಡುತ್ತದೆ, ಅದರಲ್ಲೂ ಮಾಡಿದವರು ನಾವೇ ಆಗಿದ್ದಾಗ. "ನಾನು ಒಪ್ಪಿದೆ", "ನಾನು ಕೇಳಲಿಲ್ಲ", "ಮ್ಯಾನೇಜರ್ ಬೇಡ ಎಂದರು" ಎಂದೇ ಬರೆಯಿರಿ.

ಸಿಟ್ಟು, ಬೇಸರಗಳನ್ನು ಬರೆಯಲೇಬಾರದೆಂದಲ್ಲ. ಒಂದು ಸಾಲು ಬರೆಯಿರಿ, ಅದಕ್ಕೆ ಕಾರಣವಾದ ಘಟನೆಯನ್ನು ಜೊತೆಗೇ ಕಟ್ಟಿ. "ಮನಸ್ಸು ಸರಿಯಿಲ್ಲ" ಎಂಬುದರಿಂದ ಮುಂದೆ ಏನೂ ತಿಳಿಯುವುದಿಲ್ಲ. "ಎಲ್ಲರ ಎದುರು ರಿಪೋರ್ಟು ತಿರುಗಿ ಮಾಡಲು ಹೇಳಿದ್ದಕ್ಕೆ ಬೇಜಾರಾಯಿತು, ಆದರೆ ಮೂರನೇ ಕಾಲಮ್ಮಿನ ಮೊತ್ತ ನಿಜವಾಗಿಯೂ ತಪ್ಪಿತ್ತು" ಎಂಬುದರಿಂದ ತಿಳಿಯುತ್ತದೆ.

ಏನೂ ನಡೆಯದ ದಿನವೂ ಇರುತ್ತದೆ. ಆ ದಿನ "ವಿಶೇಷವಿಲ್ಲ, ಹಳೆಯ ಬಿಲ್ಲುಗಳನ್ನು ಜೋಡಿಸಿದೆ" ಎಂಬ ಒಂದೇ ಸಾಲು ಸಾಕು.

## ಹಂತ 4: ವಾರದ ಓದು

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಉಳಿದೆಲ್ಲ ಹಂತಗಳ ಫಲ ಬರುವುದು ಇದರಿಂದಲೇ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಓದುವಾಗ ಬೇರೆ ಬಣ್ಣದ ಪೆನ್ನು ಹಿಡಿಯಿರಿ. ಹಿಂದಿನ ವಾರಗಳಲ್ಲೂ ಬಂದಿದ್ದ ತೊಂದರೆ ಮತ್ತೆ ಕಂಡರೆ ಅದರ ಸುತ್ತ ವೃತ್ತ ಎಳೆಯಿರಿ. ಮಾಡುತ್ತೇನೆಂದು ಹೇಳಿ ಮಾಡದೆ ಉಳಿದದ್ದಕ್ಕೆ ಪಕ್ಕದಲ್ಲಿ ಬಾಣ ಹಾಕಿ. ನೀವು ಮಾಡಿ ಮುಗಿಸಿದ, ಆದರೆ ಬೇರೆ ಯಾರಿಗೂ ಗೊತ್ತಿಲ್ಲದ ಕೆಲಸಕ್ಕೆ ನಕ್ಷತ್ರ ಹಾಕಿ. ಅದು ಆರನೇ ಹಂತಕ್ಕೆ ಬೇಕಾಗುತ್ತದೆ. ಪೂರ್ತಿ ಓದಿ ಮುಗಿಸುವವರೆಗೆ ಹೊಸದಾಗಿ ಏನನ್ನೂ ಬರೆಯಬೇಡಿ, ಹಳೆಯ ಸಾಲುಗಳನ್ನು ತಿದ್ದಲೂ ಹೋಗಬೇಡಿ. ಓದಿದ ನಂತರ ಐದಾರು ಸಾಲಿನಲ್ಲಿ ವಾರದ ಟಿಪ್ಪಣಿ ಬರೆದು, ಮುಂದಿನ ವಾರ ಬದಲಿಸಬೇಕಾದ ಒಂದೇ ಒಂದು ವಿಷಯವನ್ನು ಅದರ ಕೊನೆಗೆ ಸೇರಿಸಿ. ಮೂರು ವಿಷಯ ಬರೆದವರು ಮೂರನ್ನೂ ಮಾಡುವುದಿಲ್ಲ.

ಒಂದು ವಾರದ ಓದಿನಿಂದ ದೊಡ್ಡದೇನೂ ಕಾಣುವುದಿಲ್ಲ. ನಾಲ್ಕನೇ ವಾರದಿಂದ ಕಾಣತೊಡಗುತ್ತದೆ. ಸಣ್ಣ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಒಬ್ಬರನ್ನು ಊಹಿಸಿಕೊಳ್ಳಿ. ಅವರ ದಿನಚರಿಯಲ್ಲಿ ಪ್ರತಿ ತಿಂಗಳ 15ರಿಂದ 20ನೇ ತಾರೀಕಿನವರೆಗಿನ ಸಾಲುಗಳು ಒಂದೇ ಬಗೆಯಾಗಿರುತ್ತವೆ: "ರಾತ್ರಿ ಎಂಟೂವರೆಯವರೆಗೆ ಇದ್ದೆ", "ಕ್ರೆಡಿಟ್ ತಾಳೆಯಾಗಲಿಲ್ಲ", "ಸಪ್ಲೈಯರ್ ಫೋನ್ ಎತ್ತುತ್ತಿಲ್ಲ". ಇದನ್ನು ಅವರು ಪ್ರತಿ ತಿಂಗಳ ಮಾಮೂಲಿ ಕೆಲಸದ ಒತ್ತಡ ಎಂದು ವರ್ಷಗಟ್ಟಲೆ ಒಪ್ಪಿಕೊಂಡು ಬಂದಿರಬಹುದು. ಎರಡು ತಿಂಗಳ ಪುಟಗಳನ್ನು ಪಕ್ಕಪಕ್ಕ ಇಟ್ಟು ವೃತ್ತ ಹಾಕಿದ ಸಾಲುಗಳನ್ನು ನೋಡಿದಾಗ, ಎರಡೂ ಸಲ ಬಿಲ್ಲು ಕಾಣೆಯಾದದ್ದು ಅದೇ ಇಬ್ಬರು ಸಪ್ಲೈಯರುಗಳದ್ದು ಎಂಬುದು ಗೊತ್ತಾಗುತ್ತದೆ.

ಅಲ್ಲಿಂದ ಮುಂದಿನ ತರ್ಕ ಸುಲಭ. ಪ್ರತಿ ತಿಂಗಳೂ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಸಪ್ಲೈಯರು 11ನೇ ತಾರೀಕಿನೊಳಗೆ ತಮ್ಮ ಮಾರಾಟದ ರಿಟರ್ನ್ ಆದ ಜಿಎಸ್‌ಟಿಆರ್-1ರಲ್ಲಿ ಬಿಲ್ಲು ತೋರಿಸಿದರೆ ಮಾತ್ರ ಅದು 14ಕ್ಕೆ ಸಿದ್ಧವಾಗುವ ನಮ್ಮ ಕ್ರೆಡಿಟ್ ಪಟ್ಟಿಯಾದ ಜಿಎಸ್‌ಟಿಆರ್-2ಬಿಯಲ್ಲಿ ಬರುತ್ತದೆ. ಅಲ್ಲಿ ಬಾರದಿದ್ದರೆ 20ರೊಳಗೆ ಸಲ್ಲಿಸಬೇಕಾದ, ತೆರಿಗೆ ಕಟ್ಟುವ ರಿಟರ್ನ್ ಆದ ಜಿಎಸ್‌ಟಿಆರ್-3ಬಿಯಲ್ಲಿ ಅದರ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ಖರೀದಿಯ ಮೇಲೆ ಕೊಟ್ಟ ತೆರಿಗೆಯ ವಜಾ) ತೆಗೆದುಕೊಳ್ಳಲು ಆಗುವುದಿಲ್ಲ. ಅಂದಮೇಲೆ 16ಕ್ಕೆ ಫೋನ್ ಮಾಡಿ ಜಗಳವಾಡುವುದರಲ್ಲಿ ಅರ್ಥವಿಲ್ಲ. 7 ಅಥವಾ 8ನೇ ತಾರೀಕಿಗೆ ಆ ಇಬ್ಬರಿಗೆ ಬಿಲ್ಲಿನ ಪಟ್ಟಿ ಕಳಿಸಿ ನೆನಪಿಸಬೇಕು. ಈ ನಿಯಮಗಳು ಆ ಲೆಕ್ಕಿಗರಿಗೆ ಗೊತ್ತಿಲ್ಲದವೇನಲ್ಲ. ಗೊತ್ತಿದ್ದ ನಿಯಮವನ್ನೂ ಪ್ರತಿ ತಿಂಗಳ ಒದ್ದಾಟವನ್ನೂ ಒಂದೇ ಪುಟದಲ್ಲಿ ಅವರು ಎಂದೂ ನೋಡಿರಲಿಲ್ಲ.

ವಾರದ ಓದಿನಲ್ಲಿ ಆಗುವ ಸಾಮಾನ್ಯ ತಪ್ಪೆಂದರೆ ತಮ್ಮನ್ನು ತಾವೇ ಬೈದುಕೊಳ್ಳುವುದು. ಬಾಣದ ಗುರುತುಗಳು ಹೆಚ್ಚಾದ ವಾರ "ಶಿಸ್ತಿಲ್ಲ" ಎಂದು ಬರೆದು ಮುಗಿಸಬೇಡಿ. ಅದೇ ಕೆಲಸಕ್ಕೆ ಮೂರು ವಾರ ಸತತವಾಗಿ ಬಾಣ ಬಿದ್ದಿದ್ದರೆ, ಆ ಕೆಲಸ ನಿಮ್ಮದೇ ಹೌದೇ, ಅದನ್ನು ಮಾಡಲು ಬೇರೆ ಯಾರ ಉತ್ತರಕ್ಕಾದರೂ ಕಾಯುತ್ತಿದ್ದೀರಾ, ಅಥವಾ ಅದನ್ನು ಮಾಡದಿದ್ದರೂ ಯಾರಿಗೂ ನಷ್ಟವಿಲ್ಲವೇ ಎಂದು ಕೇಳಿಕೊಳ್ಳಿ. ಮೂರನೆಯದಕ್ಕೆ ಹೌದು ಎಂಬ ಉತ್ತರ ಅನೇಕ ಸಲ ಬರುತ್ತದೆ. ಆಗ ಅದನ್ನು ಹೊಡೆದುಹಾಕಬಹುದು.

## ಹಂತ 5: ತೀರ್ಮಾನಗಳ ಟಿಪ್ಪಣಿ

ದಾಖಲೆ ಹಾಗೂ ಓದು ಎರಡೂ ರೂಢಿಯಾದ ಮೇಲೆ, ಅಂದರೆ ಸುಮಾರು ಎರಡನೇ ತಿಂಗಳಲ್ಲಿ, ಇದನ್ನು ಶುರುಮಾಡಿ. ನೋಟ್‌ಬುಕ್ಕಿನ ಹಿಂಬದಿಯ ಪುಟಗಳನ್ನು ಇದಕ್ಕೆ ಮೀಸಲಿಡಬಹುದು. ಫಲ ತಿಳಿಯಲು ಕಾಲ ಹಿಡಿಯುವ ತೀರ್ಮಾನಗಳನ್ನು ಮಾತ್ರ ಇಲ್ಲಿ ಬರೆಯಿರಿ: ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳುವುದು, ಯಾವ ಯೋಜನೆ ಒಪ್ಪಿಕೊಳ್ಳುವುದು, ಯಾವ ಪಾಠವನ್ನು ಬೇರೆ ರೀತಿ ಕಲಿಸಿ ನೋಡುವುದು, ವರ್ಗಾವಣೆಗೆ ಅರ್ಜಿ ಹಾಕುವುದೇ ಬೇಡವೇ. ತಿಂಗಳಿಗೆ ಎರಡು ಬಂದರೆ ಅದೇ ಹೆಚ್ಚು.

ಪ್ರತಿ ಟಿಪ್ಪಣಿಯಲ್ಲಿ ದಿನಾಂಕ, ತೀರ್ಮಾನ, ಬಿಟ್ಟುಕೊಟ್ಟ ಇತರ ದಾರಿಗಳು, ಈ ದಾರಿ ಹಿಡಿದ ಕಾರಣ, ಏನಾಗುತ್ತದೆಂಬ ನಿರೀಕ್ಷೆ, ಆ ನಿರೀಕ್ಷೆಯ ಮೇಲೆ ನಿಮಗಿರುವ ಭರವಸೆ ನೂರಕ್ಕೆ ಎಷ್ಟು, ತಿರುಗಿ ನೋಡುವ ದಿನಾಂಕ ಇವಿಷ್ಟು ಇರಬೇಕು. ಭರವಸೆಯನ್ನು ಅಂಕಿಯಲ್ಲೇ ಬರೆಯಿರಿ ಎಂದರೆ ಹಲವರು ಹಿಂಜರಿಯುತ್ತಾರೆ. ಕಾರಣವಿದೆ: "ಬಹುಶಃ ಆಗಬಹುದು" ಎಂದು ಬರೆದರೆ ಮುಂದೆ ಏನೇ ಆದರೂ ನಾವು ಹೇಳಿದ್ದೇ ಸರಿಯಾಗುತ್ತದೆ. 70 ಎಂದು ಬರೆದರೆ ಹಾಗೆ ತಪ್ಪಿಸಿಕೊಳ್ಳಲು ಬರುವುದಿಲ್ಲ.

ಮನಸ್ಸು ತನ್ನ ಹಳೆಯ ಅಂದಾಜನ್ನು ತಾನೇ ತಿದ್ದಿಕೊಳ್ಳುತ್ತದೆ ಎಂಬುದಕ್ಕೆ ಬರೂಕ್ ಫಿಶ್‌ಹಾಫ್ ಹಾಗೂ ರೂತ್ ಬೇತ್ 1975ರಲ್ಲಿ ಪ್ರಕಟಿಸಿದ ಅಧ್ಯಯನ ಒಳ್ಳೆಯ ಸಾಕ್ಷಿ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾ ಹಾಗೂ ಸೋವಿಯತ್ ಒಕ್ಕೂಟಕ್ಕೆ ಹೋಗುವ ಮುನ್ನ, ಆ ಭೇಟಿಗಳಲ್ಲಿ ಏನೇನು ಆಗುವ ಸಾಧ್ಯತೆ ಎಷ್ಟೆಷ್ಟು ಎಂದು ವಿದ್ಯಾರ್ಥಿಗಳನ್ನು ಕೇಳಲಾಗಿತ್ತು. ಭೇಟಿಗಳು ಮುಗಿದ ನಂತರ ತಾವು ಮೊದಲು ಕೊಟ್ಟಿದ್ದ ಅಂಕಿಗಳನ್ನು ನೆನಪಿಸಿಕೊಳ್ಳಲು ಹೇಳಿದಾಗ, ನಿಜವಾಗಿ ನಡೆದುಹೋಗಿದ್ದ ಸಂಗತಿಗಳಿಗೆ ತಾವು ಹೆಚ್ಚಿನ ಅಂಕಿ ಕೊಟ್ಟಿದ್ದೆವೆಂದೇ ಅವರು ನೆನಪಿಸಿಕೊಂಡರು. "ನನಗೆ ಮೊದಲೇ ಗೊತ್ತಿತ್ತು" ಎಂಬ ಮಾತನ್ನು ಯಾವ ಕಚೇರಿಯಲ್ಲಾದರೂ ಕೇಳಬಹುದು. ಬರೆದಿಟ್ಟ ಅಂಕಿ ಇದ್ದಾಗ ಮಾತ್ರ ಅದನ್ನು ಪರೀಕ್ಷಿಸಲು ಸಾಧ್ಯ.

ಮೂರನೇ ಹಂತದ ಎಂಜಿನಿಯರ್ ಅವರ ಲಾರಿಗೆ ಮತ್ತೆ ಬರೋಣ. ಅವರ ಟಿಪ್ಪಣಿ ಹೀಗಿರಬಹುದು (ಕೋಲ್ಡ್ ಜಾಯಿಂಟ್ ಎಂದರೆ ಮೊದಲು ಹಾಕಿದ ಕಾಂಕ್ರೀಟು ಗಟ್ಟಿಯಾದ ಮೇಲೆ ಹೊಸದನ್ನು ಹಾಕಿದಾಗ ಉಳಿಯುವ ದುರ್ಬಲ ಬೆಸುಗೆ): "ಲಾರಿಯನ್ನು ವಾಪಸ್ ಕಳಿಸಲಿಲ್ಲ. ಕಳಿಸಿದ್ದರೆ ಸ್ಲ್ಯಾಬಿನ ನಡುವೆ ಕೋಲ್ಡ್ ಜಾಯಿಂಟ್ ಬೀಳುತ್ತಿತ್ತು, ಮುಂದಿನ ಲಾರಿ ಒಂದೂವರೆ ಗಂಟೆ ದೂರ. ನಿರೀಕ್ಷೆ: 28 ದಿನದ ಕ್ಯೂಬ್ ಫಲಿತಾಂಶ 25 ದಾಟುತ್ತದೆ. ಭರವಸೆ 65." ಏಳನೇ ದಿನದ ಪರೀಕ್ಷೆಯಲ್ಲಿ ಸುಮಾರು ಮೂರನೇ ಎರಡು ಭಾಗ ಬಲ ಬಂದಿದೆಯೇ ಎಂದು ನೋಡಬಹುದು, ಅಂತಿಮ ಉತ್ತರ 28ನೇ ದಿನಕ್ಕೆ. ತಿರುಗಿ ನೋಡುವ ದಿನಾಂಕವನ್ನು ಅವರು ಹುಡುಕಬೇಕಾಗಿಯೇ ಇಲ್ಲ, ಕೆಲಸವೇ ಅದನ್ನು ಕೊಟ್ಟಿದೆ. ನಿಮ್ಮ ಕೆಲಸದಲ್ಲಿಯೂ ಇಂಥ ದಿನಾಂಕಗಳಿರುತ್ತವೆ: ಪರೀಕ್ಷೆಯ ಫಲಿತಾಂಶ, ತ್ರೈಮಾಸಿಕ ಲೆಕ್ಕ, ಪ್ರೊಬೇಷನ್ ಮುಗಿಯುವ ದಿನ.

ಆ ದಿನ ಬಂದಾಗ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಬೇಕು. ಫಲ ಏನಾಯಿತು ಎಂಬುದು ಒಂದು. ಅಂದು ಗೊತ್ತಿದ್ದ ವಿಷಯಗಳ ಮೇಲೆ ಆ ತೀರ್ಮಾನ ಸರಿಯಾಗಿತ್ತೇ ಎಂಬುದು ಇನ್ನೊಂದು. ಕ್ಯೂಬ್ 27 ಬಂದಿತೆಂದ ಮಾತ್ರಕ್ಕೆ ಹೆಚ್ಚು ಸ್ಲಂಪಿನ ಕಾಂಕ್ರೀಟನ್ನು ಇಳಿಸಿಕೊಂಡದ್ದು ಸರಿಯಾಯಿತೆಂದಲ್ಲ. ಅದು ಅದೃಷ್ಟವೂ ಇರಬಹುದು. ಮೊದಲೇ ಹೆಚ್ಚುವರಿ ಲಾರಿಗೆ ಹೇಳಿಡದೆ ಇದ್ದುದರಿಂದ ಆ ಇಕ್ಕಟ್ಟು ಹುಟ್ಟಿತು ಎಂಬುದು ನಿಜವಾದ ಪಾಠವಿರಬಹುದು. ಒಳ್ಳೆಯ ಫಲ ಬಂದ ತೀರ್ಮಾನಗಳನ್ನು ಪರಿಶೀಲಿಸದೆ ಬಿಡುವುದು ಈ ಹಂತದ ದೊಡ್ಡ ತಪ್ಪು.

## ಹಂತ 6: ಇನ್ನೊಬ್ಬರು ಓದಬೇಕಾದ ಬರಹ

ತಿಂಗಳ ಕೊನೆಯ ವಾರದ ಓದನ್ನು ಸ್ವಲ್ಪ ಹಿಗ್ಗಿಸಿ, ನಕ್ಷತ್ರ ಹಾಕಿದ ಸಾಲುಗಳಿಂದ ಒಂದು ಪುಟ ಸಿದ್ಧಪಡಿಸಿ. ಪ್ರತಿ ಕೆಲಸಕ್ಕೂ ತೊಂದರೆ ಏನಿತ್ತು, ನಾನು ಏನು ಮಾಡಿದೆ, ಅದರಿಂದ ಏನು ಬದಲಾಯಿತು ಎಂದು ಮೂರು ವಾಕ್ಯ ಸಾಕು. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷದ ಕೊನೆಗೆ ಸ್ವಯಂ ಮೌಲ್ಯಮಾಪನದ ಫಾರ್ಮು ಬಂದಾಗ ಹೆಚ್ಚಿನವರಿಗೆ ಜನವರಿ, ಫೆಬ್ರವರಿಯ ಕೆಲಸ ಬಿಟ್ಟು ಬೇರೇನೂ ನೆನಪಿರುವುದಿಲ್ಲ; ಜೂನ್ ತಿಂಗಳಲ್ಲಿ ರಾತ್ರಿಯೆಲ್ಲ ಕೂತು ಸರಿಪಡಿಸಿದ್ದು ಫಾರ್ಮಿಗೆ ಬರುವುದೇ ಇಲ್ಲ. ಕೈಯಲ್ಲಿ ಹನ್ನೆರಡು ಪುಟ ಇದ್ದವರು ಅರ್ಧ ಗಂಟೆಯಲ್ಲಿ ಅದನ್ನು ತುಂಬುತ್ತಾರೆ, ಅದೂ ಅಂಕಿ ಸಮೇತ.

ಬಗೆಹರಿಯದ ಒಂದು ವಿಷಯದ ಬಗ್ಗೆ ಗೊಂದಲವಿದ್ದಾಗ ಬರೆಯುವ ಪುಟವೂ ಇದೇ ಹಂತಕ್ಕೆ ಸೇರಿದ್ದು. ನಿನ್ನೆಯಷ್ಟೇ ಕೆಲಸಕ್ಕೆ ಸೇರಿದ, ಬುದ್ಧಿವಂತ, ಆದರೆ ಹಿನ್ನೆಲೆ ಗೊತ್ತಿಲ್ಲದ ಕಿರಿಯರೊಬ್ಬರಿಗೆ ವಿವರಿಸುವಂತೆ ಅದನ್ನು ಬರೆಯಿರಿ. ಬರೆಯುತ್ತ ಬರೆಯುತ್ತ ಒಂದು ಕಡೆ ವಾಕ್ಯ ಮುಂದೆ ಸಾಗದೆ ನಿಲ್ಲುತ್ತದೆ, ಅಥವಾ "ಇತ್ಯಾದಿ" ಎಂದು ಬರೆದು ದಾಟಿಕೊಳ್ಳುವ ಮನಸ್ಸಾಗುತ್ತದೆ. ನಿಮಗೆ ಅರ್ಥವಾಗಿಲ್ಲದಿರುವುದು ಅಲ್ಲೇ. ಅಲ್ಲಿ ಬರೆಯುವುದನ್ನು ನಿಲ್ಲಿಸಿ, ಕೇಳಬೇಕಾದ ಪ್ರಶ್ನೆಯನ್ನು ಮಾತ್ರ ಬರೆದುಕೊಂಡು, ಉತ್ತರ ಗೊತ್ತಿರುವವರ ಹತ್ತಿರ ಹೋಗಿ. ಮೀಟಿಂಗಿನಲ್ಲಿ ಅರ್ಧ ಗಂಟೆ ಸುತ್ತಿ ಬಳಸಿ ಮಾತಾಡುವುದು ಇದರಿಂದ ತಪ್ಪುತ್ತದೆ.

ಈ ಹಂತವನ್ನು ಮೊದಲ ತಿಂಗಳಲ್ಲೇ ಶುರುಮಾಡಿದವರು ದಿನಚರಿಯನ್ನೂ ಮೇಲಧಿಕಾರಿ ಓದುತ್ತಾರೇನೋ ಎಂಬಂತೆ ಬರೆಯತೊಡಗುತ್ತಾರೆ. ಆಗ ತಪ್ಪುಗಳು ಪುಟದಿಂದ ಮಾಯವಾಗುತ್ತವೆ, ಅವುಗಳ ಜೊತೆಗೆ ಕಲಿಯುವ ಅವಕಾಶವೂ.

## ಪುಟದ ಮೇಲೆ ಬರಬಾರದ ವಿಷಯಗಳು

ಪಾಸ್‌ವರ್ಡ್, ಆಧಾರ್ ಸಂಖ್ಯೆ, ಗ್ರಾಹಕರ ಖಾತೆ ವಿವರ, ರೋಗಿಗಳ ಹೆಸರು, ವಿದ್ಯಾರ್ಥಿಗಳ ಮನೆಯ ಸಂಗತಿ ಇವನ್ನು ಬರೆಯಬೇಡಿ. ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆಂದೇ 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಮಾಡಿದೆ. ಕಾಯ್ದೆಯ ಮಾತು ಹಾಗಿರಲಿ, ನೋಟ್‌ಬುಕ್ಕನ್ನು ಬಸ್ಸಿನಲ್ಲಿ ಮರೆತರೆ ಏನಾಗಬಹುದೆಂದು ಯೋಚಿಸಿದರೂ ಸಾಕು. "ಬೆಡ್ 4ರ ರೋಗಿ", "ಗ್ರಾಹಕ ಕ" ಎಂದು ಬರೆದರೆ ನಿಮಗೆ ಅರ್ಥವಾಗುತ್ತದೆ.

ಸಂಸ್ಥೆಯ ಲ್ಯಾಪ್‌ಟಾಪಿನಲ್ಲಿ ಬರೆದದ್ದನ್ನು ಸಂಸ್ಥೆ ನೋಡಬಹುದು, ಕೆಲಸ ಬಿಟ್ಟ ದಿನ ಅದು ನಿಮ್ಮ ಕೈತಪ್ಪಿಯೂ ಹೋಗಬಹುದು. ಹಾಗೆಂದು ಸಂಸ್ಥೆಯ ದಾಖಲೆಗಳನ್ನು ಸ್ವಂತ ಖಾತೆಗೆ ನಕಲಿಸುವುದು ಇನ್ನೂ ದೊಡ್ಡ ತಪ್ಪು. ನಿಮ್ಮ ಅನುಭವ, ನಿಮ್ಮ ತೀರ್ಮಾನ ನಿಮ್ಮ ಪುಸ್ತಕದಲ್ಲಿರಲಿ. ಡ್ರಾಯಿಂಗು, ಕೋಡು, ದರಪಟ್ಟಿ ಕಚೇರಿಯಲ್ಲಿರಲಿ.

ಸಹೋದ್ಯೋಗಿಗಳ ಬಗ್ಗೆ ಬರೆಯುವಾಗ ಅವರು ಎಂಥವರು ಎಂಬುದನ್ನು ಬಿಟ್ಟು ಏನು ಮಾಡಿದರು ಎಂಬುದನ್ನು ಬರೆಯಿರಿ. "ಉಡಾಫೆ ಮನುಷ್ಯ" ಎಂಬ ಸಾಲು ಮುಂದೆ ನಿಮಗೇ ಮುಜುಗರ ತರುತ್ತದೆ. "ಮೂರು ಸಲ ಕೇಳಿದರೂ ಡ್ರಾಯಿಂಗ್ ಕಳಿಸಲಿಲ್ಲ" ಎಂಬುದು ಉಪಯೋಗಕ್ಕೆ ಬರುತ್ತದೆ.

## ದಾರಿ ತಪ್ಪುತ್ತಿರುವ ಸೂಚನೆಗಳು

ಹೊಸ ಆ್ಯಪು, ಹೊಸ ನೋಟ್‌ಬುಕ್ಕು, ಹೊಸ ಬಣ್ಣದ ಪಟ್ಟಿಗಳ ಕಡೆಗೆ ಮನಸ್ಸು ಹೋಗತೊಡಗಿದರೆ ಬರೆಯಲು ಬೇಸರ ಬಂದಿದೆ ಎಂದರ್ಥ. ಸಾಧನ ಬದಲಿಸಬೇಡಿ, ಸಾಲುಗಳನ್ನು ಕಡಿಮೆ ಮಾಡಿ.

ವಾರದ ಓದು ಸತತ ಎರಡು ಸಲ ತಪ್ಪಿದ್ದರೆ ಅದು ನಿತ್ಯದ ಬರಹ ತಪ್ಪುವುದಕ್ಕಿಂತ ಗಂಭೀರ. ಓದುವ ದಿನವನ್ನೇ ಬದಲಿಸಿ ನೋಡಿ. ನಿತ್ಯದ ಬರಹ ಒಂದೂವರೆ, ಎರಡು ಪುಟಕ್ಕೆ ಬೆಳೆಯುತ್ತಿದ್ದರೆ ಅದನ್ನು ಪ್ರಗತಿಯೆಂದು ತಿಳಿಯಬೇಡಿ, ವಾರದ ಓದಿಗೆ ಅದು ಹೊರೆಯಾಗಿ ಓದೇ ನಿಲ್ಲುತ್ತದೆ. ಮೂರು ವಾರದ ಎಲ್ಲ ಪುಟಗಳಲ್ಲಿ ಒಬ್ಬರದೇ ಹೆಸರು ದೂರಿನ ರೂಪದಲ್ಲಿ ಬರುತ್ತಿದ್ದರೆ, ಬರೆಯುವುದರಿಂದ ಇನ್ನು ಏನೂ ಬಗೆಹರಿಯದು. ಅವರೊಂದಿಗೋ ಅವರ ಮೇಲಿನವರೊಂದಿಗೋ ಎದುರು ಕೂತು ಮಾತಾಡುವ ಹೊತ್ತು ಬಂದಿದೆ.

ವಾರಗಟ್ಟಲೆ ನಿದ್ದೆಯಿಲ್ಲ, ಯಾವುದರಲ್ಲೂ ಆಸಕ್ತಿಯಿಲ್ಲ, ಎಲ್ಲವೂ ವ್ಯರ್ಥ ಎಂಬ ಸಾಲುಗಳೇ ಪುಟ ತುಂಬುತ್ತಿದ್ದರೆ ಅದು ದಿನಚರಿಯ ವ್ಯಾಪ್ತಿಗೆ ಮೀರಿದ್ದು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತವಾಗಿದ್ದು, ಕನ್ನಡದಲ್ಲೂ ಮಾತಾಡಬಹುದು.

## ತಪ್ಪಿದ ದಿನಗಳನ್ನು ಏನು ಮಾಡಬೇಕು

ತಪ್ಪಿದ ದಿನಗಳ ಬರಹವನ್ನು ನೆನಪಿನಿಂದ ತುಂಬಿಸಲು ಹೋಗಬೇಡಿ. ನಾಲ್ಕು ದಿನದ ಬಾಕಿ ತೀರಿಸುತ್ತೇನೆಂದು ಕೂತವರು ಐದನೇ ದಿನವೂ ಬರೆಯದೆ ಎದ್ದುಹೋಗುತ್ತಾರೆ. ಇಂದಿನ ದಿನಾಂಕ ಹಾಕಿ ಇಂದಿನದನ್ನಷ್ಟೇ ಬರೆಯಿರಿ; ನಡುವೆ ಏನಾದರೂ ದೊಡ್ಡದು ನಡೆದಿದ್ದರೆ ಅದಕ್ಕೊಂದು ಸಾಲು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಹಾಗೂ ಸಂಗಡಿಗರು 96 ಮಂದಿಯನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೇರೂರುವುದಕ್ಕೆ ಹೇಳಿಕೊಳ್ಳುವಂಥ ತೊಂದರೆ ಆಗಲಿಲ್ಲ. ಅಭ್ಯಾಸ ತಾನಾಗಿ ನಡೆಯುವಂತಾಗಲು ಹಿಡಿಯುವ ಕಾಲದ ನಡುವಿನ ಅಂದಾಜು 66 ದಿನ. ವ್ಯಕ್ತಿಯಿಂದ ವ್ಯಕ್ತಿಗೆ ಅದು 18 ದಿನದಿಂದ 254 ದಿನದವರೆಗೆ ಬೇರೆಯಾಗಿತ್ತು (12 ವಾರ ದಾಟಿದ ಅಂಕಿಗಳು ಲೆಕ್ಕ ಹಾಕಿ ಅಂದಾಜಿಸಿದವು). 21 ದಿನದಲ್ಲಿ ಎಲ್ಲವೂ ರೂಢಿಯಾಗುತ್ತದೆ ಎಂಬ ಜನಪ್ರಿಯ ಮಾತನ್ನು ನಂಬಿ ಮೂರನೇ ವಾರಕ್ಕೆ ನಿರಾಶರಾಗುವ ಅಗತ್ಯವಿಲ್ಲ.

ಪುಸ್ತಕ ತುಂಬಿದಾಗ ಹಳೆಯದರ ಮೊದಲ ಪುಟದಲ್ಲಿ ಮುಖ್ಯ ಸಂಗತಿಗಳ ಪುಟ ಸಂಖ್ಯೆ ಬರೆದು ಎತ್ತಿಡಿ. ಹೊಸ ಪುಸ್ತಕದ ಮೊದಲ ಪುಟಕ್ಕೆ ಬಾಣ ಉಳಿದಿರುವ ಕೆಲಸಗಳನ್ನೂ, ತಿರುಗಿ ನೋಡಬೇಕಾದ ತೀರ್ಮಾನಗಳ ದಿನಾಂಕಗಳನ್ನೂ ನಕಲು ಮಾಡಿಕೊಂಡು, ಆ ದಿನವೇ ಅದರಲ್ಲಿ ಬರೆಯಲು ಶುರುಮಾಡಿ.